ಮಧ್ಯಾಹ್ನದ ರಿಪೀಟ್ ಯಾರು ನೋಡ್ತಾರೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

"ಮಧ್ಯಾಹ್ನದ ಧಾರಾವಾಹಿ ರಿಪೀಟೆಲ್ಲ ಸುಮ್ನೆ ಹೊತ್ತು ತುಂಬಿಸ್ಲಿಕ್ಕೆ, ಅದನ್ನ ಯಾರು ನೋಡ್ತಾರೆ?" ಅಂತ ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ಚಾನೆಲ್‌ನಲ್ಲಿ ಶೆಡ್ಯೂಲ್ ಮಾಡುವವನೇ ಹೀಗಂದರೆ ಹೇಗೆ ಮಾರಾಯ?

ಒಮ್ಮೆ ಉಡುಪಿ ಹತ್ತಿರದ ನಮ್ಮ ಹಿರಿಯಡ್ಕಕ್ಕೆ ಬಾ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಊಟ ಮುಗಿದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಬೀಡಿ ಕಟ್ಟಲು ಟಿವಿ ಮುಂದೆ ಸೇರುತ್ತಾರೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಧಾರಾವಾಹಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಸಂಗೀತ ಜೋರಾಯಿತೆಂದರೆ ಮಾತ್ರ ಎಲ್ಲರ ತಲೆ ಮೇಲೇಳುತ್ತದೆ. ಅತ್ತೆಯ ಪಾತ್ರಕ್ಕೆ ತುಳುವಿನಲ್ಲಿ ಬೀಳುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸಂಜೆ ಅಡುಗೆಗೆ ನಿಂತವರಿಗೆ ಪ್ರೈಮ್ ಟೈಮ್ ಎಲ್ಲಿಯದು? ಮಳೆಗಾಲದಲ್ಲಿ ಗುಡುಗಿದರಂತೂ ಟಿವಿಯ ವಯರ್ ಎಲ್ಲ ಕಿತ್ತಿಡಬೇಕು. ಅವರ ಪಾಲಿಗೆ ರಿಪೀಟೇ ಮೊದಲ ಪ್ರಸಾರ.

ನಿಮ್ಮ ಲೆಕ್ಕ ನನಗೂ ಗೊತ್ತುಂಟು. 24 ಗಂಟೆಯೂ ಹೊಸತನ್ನೇ ಹಾಕಲು ಯಾರಿಂದಲೂ ಆಗುವುದಿಲ್ಲ. ಶೂಟಿಂಗ್ ಖರ್ಚು ಆಗಲೇ ಮುಗಿದಿರುತ್ತದೆ, ಮಧ್ಯಾಹ್ನ ಬಂದ ಜಾಹೀರಾತಿನ ದುಡ್ಡೆಲ್ಲ ಲಾಭ. ಯಾವುದನ್ನು ಎಷ್ಟು ಜನ ನೋಡಿದರೆಂದು ಗುರುವಾರ ಬರುವ ಟಿಆರ್‌ಪಿ ಲೆಕ್ಕದಲ್ಲಿ ರಾತ್ರಿಯ ಅಂಕಿ ದಪ್ಪಗೆ ಕಾಣುತ್ತದೆ, ಹಾಗಾಗಿ ಮಧ್ಯಾಹ್ನದ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಆದರೆ 2020ರ ಲಾಕ್‌ಡೌನ್ ಮರೆತೆಯಾ? ಶೂಟಿಂಗ್ ನಿಂತಾಗ ನಿಮ್ಮನ್ನೆಲ್ಲ ಕಾಪಾಡಿದ್ದು ಹಳೆಯ ಕಂತುಗಳೇ. 1987ರ ರಾಮಾಯಣವನ್ನು ದೂರದರ್ಶನ ಮಾರ್ಚ್ 28ರಿಂದ ಮತ್ತೆ ಹಾಕಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರು ಎಂದು ದೂರದರ್ಶನವೇ ಹೇಳಿಕೊಂಡಿತು. ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಕನ್ನಡಕ್ಕೆ ಡಬ್ ಆಗಿ ಬಂದದ್ದೂ ಅದೇ ವರ್ಷ. ಹೆಬ್ರಿ ದಾಟಿ ಘಾಟಿ ಹತ್ತಿದರೆ ಆಗುಂಬೆ, ಅದರ ಶೂಟಿಂಗ್ ಆದ ಊರು. ನಮ್ಮವರಿಗೆ ಕಥೆಗಿಂತ ಊರು ನೋಡುವ ಖುಷಿಯೇ ಜಾಸ್ತಿ ಇತ್ತು.

ಕಥೆ ಗೊತ್ತಿದ್ದರೆ ಜನ ನೋಡುವುದಿಲ್ಲ ಎನ್ನುವ ಮಾತನ್ನು ಕರಾವಳಿಯವರ ಹತ್ತಿರ ಹೇಳಲೇಬೇಡ. ದೇವಿಮಹಾತ್ಮೆ ಯಕ್ಷಗಾನದಲ್ಲಿ ಮಹಿಷಾಸುರನ ಗತಿ ಏನಾಗುತ್ತದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಮತ್ತೆ ಮತ್ತೆ ನೋಡುತ್ತಾರೆ.

ನನ್ನ ತಕರಾರು ಇರುವುದು ಶನಿವಾರದ್ದು. ವಾರವಿಡೀ ಎಳೆದು, ದೊಡ್ಡ ಗಂಟು ಹಾಕುವುದು ಶುಕ್ರವಾರ ರಾತ್ರಿ. ಅದರ ರಿಪೀಟ್ ಶನಿವಾರ ಮಧ್ಯಾಹ್ನ ಬರಬೇಕಲ್ವಾ? ಆ ಹೊತ್ತಿಗೆ ಸರಿಯಾಗಿ ಸಿನಿಮಾ! ಮುಂಚೆ ಹೇಳುವ ಕ್ರಮವೂ ಇಲ್ಲ. ಸೋಮವಾರ ನೋಡಿದರೆ ಮದುವೆ ಮುರಿದಿರುತ್ತದೆ, ಯಾಕೆಂದು ಚಿಕ್ಕಮ್ಮನಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ನೋಡಲಿ ಅಂತೀಯಾ? ಎರಡೂ ಕೈ ತಡ್ಪೆಯಲ್ಲಿರುವಾಗ ಮೊಬೈಲ್ ಹಿಡಿಯುವುದು ಯಾವ ಕೈಯಲ್ಲಿ?

ಮುಂದಿನ ಮೀಟಿಂಗಿನಲ್ಲಿ ಇದನ್ನು ಎತ್ತು. ಸಿನಿಮಾ ಹಾಕಲೇಬೇಕಿದ್ದರೆ ಶುಕ್ರವಾರದ ಕಂತನ್ನು ಬೆಳಿಗ್ಗೆ ಹನ್ನೊಂದಕ್ಕಾದರೂ ಹಾಕಿ. ಹಿಂದಿನ ದಿನವೇ ಪರದೆಯ ಕೆಳಗೆ ಒಂದು ಸಾಲು ಓಡಿಸಿ. ಚೌತಿಗೆ ಬರ್ತೀಯಲ್ಲ, ಉಳಿದದ್ದನ್ನು ಚಿಕ್ಕಮ್ಮನೇ ಹೇಳುತ್ತಾರೆ. ತಯಾರಾಗಿ ಬಾ.

ಇಂತಿ,
ನಿನ್ನ ಗೆಳೆಯ