ದೇವರಾಜ ಮಾರುಕಟ್ಟೆಯ ನಮ್ಮವರಿಗೆ

ಅಪ್ಪ ಮತ್ತೆ ನಮ್ಮ ಹೂವಿನಂಗಡಿಗೆ ಬರುತ್ತಿದ್ದಾರೆ. ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ, ಅದೂ ಕುರ್ಚಿ ಹಾಕಿಕೊಂಡು. ಬುಟ್ಟಿ ಎತ್ತಲು ಡಾಕ್ಟರು ಇನ್ನೂ ಬಿಟ್ಟಿಲ್ಲ. ಏನಾಯಿತು, ಹೇಗಾಯಿತು ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಇನ್ನೊಮ್ಮೆ ಹೇಳಲು ನನಗೆ ಮನಸ್ಸಿಲ್ಲ. ದೀಪಾವಳಿ ವ್ಯಾಪಾರವೂ ಮುಗಿದು ಎಲ್ಲರಿಗೂ ಒಂದಿಷ್ಟು ಬಿಡುವು ಸಿಕ್ಕಿದೆ. ಇಷ್ಟು ದಿನ ಹೇಳಲಾಗದ್ದನ್ನು ಈಗ ಹೇಳಿಬಿಡುತ್ತೇನೆ.

ಮಾರುಕಟ್ಟೆಯ ಒಳಗನ್ನು ಅರಿಯದ ಸ್ನೇಹಿತರಿಗಾಗಿ ಒಂದು ವಿಷಯ ಬಿಡಿಸಿ ಹೇಳಬೇಕು. ಮೈಸೂರಿನ ಹೂವಿನವರಿಗೆ ವರಮಹಾಲಕ್ಷ್ಮಿಯೂ ದೊಡ್ಡದು, ಗೌರಿ ಹಬ್ಬವೂ ದೊಡ್ಡದು. ಆದರೆ ಆಯುಧಪೂಜೆಯ ಹಿಂದಿನ ರಾತ್ರಿಯೇ ಬೇರೆ. ಗ್ಯಾರೇಜು, ಕಾರ್ಖಾನೆ, ಬಸ್ ಡಿಪೋ, ಪ್ರೆಸ್ಸು, ಮನೆಮನೆಯ ಸ್ಕೂಟರು, ಎಲ್ಲಕ್ಕೂ ಸೇವಂತಿಗೆ ಬೇಕು, ಅದೂ ಮಾರುಗಟ್ಟಲೆ. ಗುಂಡ್ಲುಪೇಟೆ ಕಡೆಯಿಂದ ಚೆಂಡುಹೂವಿನ ಮೂಟೆಗಳು ಬಂದಿಳಿಯುತ್ತವೆ. ಹೊರಗೆ ಬೂದುಗುಂಬಳದ ರಾಶಿ, ಬಾಳೆಕಂದು, ಮಾವಿನ ಸೊಪ್ಪು, ಕಡ್ಲೆಪುರಿ. ಆ ರಾತ್ರಿ ಮೇಲೇರಿದ ಹೂವಿನ ದರ ಮಾರನೇ ದಿನ ಪೂಜೆ ಮುಗಿಯುತ್ತಲೇ ನೆಲ ಕಚ್ಚುತ್ತದೆ. ವಿಜಯದಶಮಿಯಂದು ಜಂಬೂ ಸವಾರಿ ಅರಮನೆಯಿಂದ ಹೊರಟು ನಮ್ಮ ಮುಂದಿನ ಸಯ್ಯಾಜಿರಾವ್ ರಸ್ತೆಯಲ್ಲೇ ಬನ್ನಿಮಂಟಪಕ್ಕೆ ಹೋಗುವುದರಿಂದ ರಸ್ತೆ ತುಂಬ ಜನವೇ ಜನ, ಚೌಕಾಸಿ ಮಾಡಿ ಹೂವು ಕೊಳ್ಳುವವರು ಯಾರು? ಸಾಲ ಮಾಡಿ ತಂದ ಸರಕು ಅಷ್ಟರೊಳಗೆ ದುಡ್ಡಾಗಬೇಕು, ಇಲ್ಲದಿದ್ದರೆ ತಿಪ್ಪೆ ಸೇರಬೇಕು.

ಅಪ್ಪ ಕುಸಿದದ್ದು ಆಯುಧಪೂಜೆಯ ಹಿಂದಿನ ಸಂಜೆ, ಹೂವಿನ ಲೋಡು ಇನ್ನೂ ದಾರಿಯಲ್ಲಿದ್ದಾಗ.

ನಾನು ಆಂಬುಲೆನ್ಸ್ ಹತ್ತಿದೆ. ಅಂಗಡಿಯ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ, ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಲೋಡು ಬಂದಾಗ ಅದನ್ನು ಇಳಿಸಿಕೊಂಡವರು ನಮ್ಮ ಎಡಬಲದ ಹೂವಿನಂಗಡಿಯವರು. ವರ್ಷಪೂರ್ತಿ ಅಪ್ಪನೊಂದಿಗೆ ಮಾರಿಗೆ ಐದು ರೂಪಾಯಿಯ ವ್ಯತ್ಯಾಸಕ್ಕೆ ಜಗಳವಾಡುವವರು. ಅವರು ತಮ್ಮ ಹೂವಿಗೆ ಒದ್ದೆ ಗೋಣಿ ಹೊದಿಸಿಟ್ಟು ಮೊದಲು ನಮ್ಮ ಮೂಟೆ ಬಿಚ್ಚಿದರು. ದರ ಏರಿದ್ದ ಹೊತ್ತಿನಲ್ಲಿ ನಮ್ಮದು ಹೋಯಿತು, ಅವರದು ಆಮೇಲೆ. ಹಾಗೆ ಮಾಡಿದ್ದರಿಂದ ಅವರಿಗೆ ಎಷ್ಟು ಖೋತಾ ಆಯಿತೆಂದು ಎಷ್ಟು ಕೇಳಿದರೂ ಹೇಳುತ್ತಿಲ್ಲ. ಲೆಕ್ಕವನ್ನು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು, ದುಡ್ಡನ್ನು ಅದರಲ್ಲೇ ಸುತ್ತಿ ದಾರದಿಂದ ಕಟ್ಟಿ ಕೊಟ್ಟರು. ಹೂವು ಕಟ್ಟುವ ಬಾಳೆನಾರಿನ ತುಂಡೊಂದು ಆ ಹಾಳೆಗೆ ಅಂಟಿಕೊಂಡಿದೆ. ಅದನ್ನು ನಾನು ಕಿತ್ತಿಲ್ಲ.

ಈಗ ಎಲೆಯಕ್ಕನ ಮಾತು.

ಅವರ ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ವೀಳ್ಯದೆಲೆಯ ಸಾಲಿಗೆ ಹೋಗುವ ಎಲ್ಲರಿಗೂ ಅವರು ಗೊತ್ತು. ಆಯುಧಪೂಜೆಗೆ ಎಲೆ, ಅಡಿಕೆ ಇಲ್ಲದ ತಟ್ಟೆಯೇ ಇಲ್ಲ. ವರ್ಷದ ದೊಡ್ಡ ವ್ಯಾಪಾರ ಅವರಿಗೂ ಅದೇ ರಾತ್ರಿ. ಅಂಗಡಿಯ ಮೇಲೆ ಗೋಣಿ ಎಳೆದು, ಎಲೆಯ ಕಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಆಟೋ ಹತ್ತಿ ಆಸ್ಪತ್ರೆಗೆ ಬಂದರು. ಗಂಟನ್ನು ಒಳಗೆ ಬಿಡುವುದಿಲ್ಲ ಎಂದ ಸೆಕ್ಯುರಿಟಿಯವನಿಗೆ ಏನು ಹೇಳಿದರೋ, ಅವನೇ ಅದನ್ನು ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟು ಹೋದ. ಅಕ್ಕ ನೆಲದ ಮೇಲೆ ಕೂತರು. ಬೆಳಗಾಗುವವರೆಗೂ ಏಳಲಿಲ್ಲ.

ಅವರ ಕೈ ಮಾತ್ರ ನಿಲ್ಲಲಿಲ್ಲ. ಒಂದೊಂದೇ ಎಲೆ ತೆಗೆದು, ಬಟ್ಟೆಯಲ್ಲಿ ಒರೆಸಿ, ತೊಟ್ಟು ಒಂದೇ ಕಡೆಗೆ ಬರುವಂತೆ ಜೋಡಿಸಿ, ಅಂಚು ಕಪ್ಪಾದದ್ದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಐಸಿಯುವಿನ ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸುತ್ತಿದ್ದರು. "ಸುಮ್ಕಿರವ್ವ, ಕರುದ್ರೆ ಹೋಗುವಂತೆ" ಎಂದಿಷ್ಟೇ. ಸಮಾಧಾನದ ದೊಡ್ಡ ಮಾತೇನೂ ಆಡಲಿಲ್ಲ. ಏನೂ ಆಗುವುದಿಲ್ಲ ಅಂತಲೂ ಹೇಳಲಿಲ್ಲ. ಏನಾದರೂ ಆಗಬಹುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಡುರಾತ್ರಿ ದಾಟಿದ ಮೇಲೆ ಡಾಕ್ಟರು ಒಂದು ಕಾಗದ ತಂದು ಸಹಿ ಮಾಡಿ ಎಂದರು. ಎಂಎ ಓದಿದವಳು ನಾನು, ಅದರಲ್ಲಿ ಒಂದು ಸಾಲೂ ಕಣ್ಣಿಗೆ ಹತ್ತಲಿಲ್ಲ. ಅಕ್ಷರ ಬಾರದ ಅಕ್ಕ ಎದ್ದು ನಿಂತು, "ಒಸಿ ಓದಿ ಹೇಳಿ ಸಾಮಿ, ಮಗೀಗೆ ಅರ್ಥ ಆಗಂಗೆ. ಆಮೇಕೆ ಸೈನ್ ಹಾಕ್ತದೆ" ಎಂದರು. ಆ ಡಾಕ್ಟರು, ಅವರಿಗೂ ನನ್ನ ನಮಸ್ಕಾರ, ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಸಹಿ ಹಾಕುವಾಗ ಅಕ್ಕ ನನ್ನ ಎಡಗೈ ಹಿಡಿದಿದ್ದರು. ಅವರ ಬೆರಳು ಒದ್ದೆಯಾಗಿತ್ತು, ತಣ್ಣಗಿತ್ತು, ಎಲೆಯ ವಾಸನೆ ಬರುತ್ತಿತ್ತು.

ಆಮೇಲೆ ನಾನು ಕಿಟಕಿಯ ಹತ್ತಿರ ಹೋದೆ. ಹೊರಗೆ ರಸ್ತೆಯುದ್ದಕ್ಕೂ ದಸರಾ ದೀಪಾಲಂಕಾರ, ನೋಡಲು ಬಂದವರ ನಗು, ಮಕ್ಕಳ ಪೀಪಿ. ನನಗೆ ತಡೆಯಲಾಗದ ಸಿಟ್ಟು ಬಂತು. ಊರಿನ ಮೇಲೆ, ಹಬ್ಬದ ಮೇಲೆ, ನಾವು ದಿನಾ ಹೂವು ಕಳಿಸುವ ದೇವರುಗಳ ಮೇಲೆ. ಇಷ್ಟು ವರ್ಷ ಎಲ್ಲರ ಹಬ್ಬಕ್ಕೆ ಹೂವು ಒದಗಿಸಿದವನನ್ನು ಹಬ್ಬದ ದಿನವೇ ಕರೆದುಕೊಂಡು ಹೋಗುವುದಾ ಎಂದು ಗಟ್ಟಿಯಾಗಿಯೇ ಅತ್ತೆ. ಅಕ್ಕ ತಡೆಯಲಿಲ್ಲ. ಅಳು ನಿಂತ ಮೇಲೆ ಮಡಿಲಿನಿಂದ ಒಂದು ಬನ್ನು ತೆಗೆದು ಕೈಗಿಟ್ಟರು.

ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟಿದ್ದಾರೆ ಎಂದು ಹೇಳಿದಾಗ ಅಕ್ಕ ಬಾಗಿಲಿಗೇ ಕೈ ಮುಗಿದು, ಗಂಟು ಎತ್ತಿಕೊಂಡು ಮಾರುಕಟ್ಟೆಗೆ ಹೊರಟರು. ಅಷ್ಟು ಹೊತ್ತಿಗೆ ಪೂಜೆಯ ಎಲೆ ಕೊಳ್ಳುವವರು ಮುಕ್ಕಾಲು ಪಾಲು ಕೊಂಡು ಹೋಗಿಯಾಗಿತ್ತು.

ಅಡ್ವಾನ್ಸ್ ಕಟ್ಟಲು ದುಡ್ಡು ಕೂಡಿಸಿದ ಕುಂಕುಮದಂಗಡಿಯ ಸಾಹೇಬರು, ರಸಬಾಳೆ ಮಂಡಿಯ ಅಣ್ಣಂದಿರು, ರಕ್ತ ಕೊಟ್ಟ ಹಮಾಲಿ ಹುಡುಗರು, ಅಮ್ಮನಿಗೆ ದಿನಾ ಊಟ ಮುಟ್ಟಿಸಿದ ತೆಂಗಿನಕಾಯಿ ಅಂಗಡಿಯ ಅತ್ತಿಗೆ, ಚಿಕ್ಕ ಗಡಿಯಾರದ ಗೋಪುರದ ಬಳಿಯ ಆಟೋದವರು, ಬಾಕಿಗೆ ಒಂದು ದಿನವೂ ಫೋನ್ ಮಾಡದ ರೈತರು, ನಿಮಗೆಲ್ಲ ನಮ್ಮ ಮನೆಯ ಕೈಮುಗಿದ ನಮಸ್ಕಾರ.

19ನೇ ಶತಮಾನದ ಈ ಕಟ್ಟಡವನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂದು ಹೊರಗೆ ವರ್ಷಗಟ್ಟಲೆ ವಾದ ನಡೆದಿದೆ. 2016ರ ಆಗಸ್ಟ್ 28ರಂದು ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲಿನ ಭಾಗ ಕುಸಿದು ಬಿದ್ದ ಮೇಲೆ ಗೋಡೆಯ ಬಗ್ಗೆ ಮಾತನಾಡದವರಿಲ್ಲ. ಇಂಜಿನಿಯರುಗಳ ಮಾತಿಗೆ ಉತ್ತರ ಹೇಳುವಷ್ಟು ನನಗೆ ತಿಳಿದಿಲ್ಲ. ಆದರೆ ಏನೇ ಮಾಡಿದರೂ ಹೂವಿನ ಸಾಲಿನಲ್ಲಿ ಹೂವಿನವರನ್ನು, ಎಲೆಯ ಸಾಲಿನಲ್ಲಿ ಎಲೆಯವರನ್ನು ಹೀಗೆಯೇ ಒತ್ತೊತ್ತಾಗಿ ಇರಲು ಬಿಡಿ ಎಂದು ಬೇಡಿಕೊಳ್ಳುತ್ತೇನೆ. ಅಪ್ಪ ಬಿದ್ದ ಸದ್ದು ಪಕ್ಕದವರಿಗೆ ಕೇಳಿಸಿದ್ದು ನಡುವೆ ಒಂದು ಹಲಗೆ ಮಾತ್ರ ಇದ್ದದ್ದರಿಂದ.

ಅಂಗಡಿಗೆ ಬರುವವರಲ್ಲಿ ಒಂದು ಕೋರಿಕೆ. ಅಪ್ಪನನ್ನು ಮಾತನಾಡಿಸಿ, ಆದರೆ ಅವರು ಬುಟ್ಟಿಗೆ ಕೈ ಹಾಕಿದರೆ ದಯವಿಟ್ಟು ತಡೆಯಿರಿ, ನನ್ನ ಮಾತು ಕೇಳುವುದಿಲ್ಲ. ಮಾಘದಲ್ಲಿ ಎಲೆಯಕ್ಕನ ಮೊಮ್ಮಗಳ ಮದುವೆಯಿದೆ. ಚಪ್ಪರದ ತೋರಣದಿಂದ ಧಾರೆಯ ಹಾರದವರೆಗೆ ಹೂವು ನಮ್ಮದು, ಮಲ್ಲಿಗೆಯನ್ನು ಅಪ್ಪನೇ ಕೂತು ಕಟ್ಟುತ್ತಾರಂತೆ. ದುಡ್ಡು ತಗೋಬೇಕು ಎಂದು ಅಕ್ಕ ಹಟ ಹಿಡಿದಿದ್ದಾರೆ. ನೀವು ಯಾರಾದರೂ ಅವರಿಗೆ ಬುದ್ಧಿ ಹೇಳಿ.