ಆಲಿವ್ ಎಣ್ಣೆ ಸರಿ, ಅದರ ಕಪ್ಪು ನೀರು?

ಮಾನ್ಯ ಸಂಪಾದಕರೇ,

ನಮ್ಮನೇಲೂ ಒಂದು ಬಾಟ್ಲಿ ಆಲಿವ್ ಆಯಿಲ್ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸ್ಪೇನ್, ಇಟಲಿ ಕಡೆ ಕಾಯಿ ಹಿಂಡಿದ ಮೇಲೆ ಉಳಿಯೋ ಕಪ್ಪು ನೀರು ಇದೆಯಲ್ಲ, ಹುಳಿ ಬೇರೆ, ಗಿಡಕ್ಕೂ ಬ್ಯಾಕ್ಟೀರಿಯಾಗೂ ಆಗದ ಫೀನಾಲ್ ಅನ್ನೋ ರಾಸಾಯನಿಕ ಬೇರೆ, ಜಾಸ್ತಿ ಪ್ರಮಾಣದಲ್ಲಿ ನೆಲಕ್ಕೆ ಬಿಟ್ರೆ ಬೀಜ ಮೊಳಕೆ ಒಡೆಯೋದೇ ಕಷ್ಟ, ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಬಿಟ್ರೆ ಕೊಳೆ ತಿನ್ನೋ ಬ್ಯಾಕ್ಟೀರಿಯಾಗೇ ಕುತ್ತು. ಹೊಂಡದಲ್ಲಿ ಬಿಸಿಲಿಗೆ ಒಣಗಿಸ್ತಾರೆ, ಸುಣ್ಣ ಹಾಕ್ತಾರೆ. ಸ್ಪೇನ್‌ನವ್ರು 1990ರ ದಶಕದಲ್ಲಿ ನೀರೇ ಕಮ್ಮಿ ಬಳಸೋ ಮಿಷನ್‌ಗೆ ಬದಲಾದ್ರು.

ನಮಗ್ಯಾಕೆ ಅಂತೀರಾ? ಕೊಡಗಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯೋ ಕೆಲಸ) ನೀರೂ ಹೆಚ್ಚುಕಮ್ಮಿ ಇದೇ ಜಾತಿ. ಜನವರೀಲಿ ನೆಂಟರ ತೋಟಕ್ಕೆ ಹೋದಾಗ ಪಲ್ಪರ್ ಪಕ್ಕದ ಹೊಂಡದ ಹುಳಿ ವಾಸನೆಗೆ ಮೂಗು ಮುಚ್ಕೊಂಡೆ. ಅಂಥಾ ನೀರು ಹಳ್ಳಕ್ಕೆ ಬಿದ್ರೆ ಕಾವೇರಿ, ಕಾವೇರಿಯಿಂದ ನಮ್ಮ ನಲ್ಲಿ. ಕೊಯ್ಲಿನ ಟೈಮಲ್ಲಿ ಯಾರಾದ್ರೂ ಹೋಗಿ ಚೆಕ್ ಮಾಡ್ತಾರಾ?

– ಒಬ್ಬ ಓದುಗ, ಜಯನಗರ, ಬೆಂಗಳೂರು