ಹಳೇ ಹ್ಯಾಂಗರುಗಳನ್ನೂ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಮಾಫೆಟ್ ಫೀಲ್ಡ್‌ನಲ್ಲಿ ‘ಹ್ಯಾಂಗರ್ ಒನ್’ ಎಂಬ ಭಾರಿ ಶೆಡ್ ಇದೆ. (ಹ್ಯಾಂಗರ್ ಅಂದರೆ ವಿಮಾನ ನಿಲ್ಲಿಸುವ ಶೆಡ್ಡು.) 1930ರ ದಶಕದಲ್ಲಿ ಮೇಕನ್ ಎಂಬ ವಾಯುನೌಕೆಗಾಗಿ ಕಟ್ಟಿದ್ದು. ನೌಕೆ 1935ರಲ್ಲೇ ಸಮುದ್ರಪಾಲಾಯಿತು. ಹೊದಿಕೆಯಲ್ಲಿ ವಿಷವಸ್ತು ಇದೆಯೆಂದು ಆಮೇಲೆ ಅದನ್ನೆಲ್ಲ ಕಿತ್ತರು. ಆದರೂ ಉಕ್ಕಿನ ಚೌಕಟ್ಟನ್ನು ಕೆಡವಲಿಲ್ಲ. 2014ರಲ್ಲಿ ನಾಸಾ ಅದನ್ನು ಗೂಗಲ್‌ನ ಅಂಗಸಂಸ್ಥೆಗೆ 60 ವರ್ಷದ ಗುತ್ತಿಗೆಗೆ ಕೊಟ್ಟಾಗ, ದುರಸ್ತಿಯ ಹೊಣೆಯನ್ನೂ ಹೊರಿಸಿತು.

ನಮ್ಮಲ್ಲಿ ಪಾರಂಪರಿಕ ಕಟ್ಟಡ ಅಂದರೆ ಅಠಾರ ಕಚೇರಿ, ಅರಮನೆ, ಜಾಸ್ತಿ ಅಂದರೆ ಬಸವನಗುಡಿಯ ಹಳೇ ಮನೆ. ತಗಡಿನ ಶೆಡ್ಡು ಯಾರ ನೆನಪಿಗೂ ಬರುವುದಿಲ್ಲ. ಬೆಂಗಳೂರಿನ ವಿಮಾನ ಕೆಲಸ ಬೆಳೆದದ್ದು ಅಂಥ ಶೆಡ್ಡುಗಳಲ್ಲೇ ಅಲ್ವಾ?

1940ರಲ್ಲಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರು ಮಾಡಿದರು. ಯುದ್ಧಕಾಲದಲ್ಲಿ ಅಮೆರಿಕದ ಸೇನೆ ತನ್ನ ವಿಮಾನಗಳನ್ನು ಇಲ್ಲೇ ರಿಪೇರಿ ಮಾಡಿಸಿತು. (ಕ್ಯಾಟಲಿನಾ ಎಂಬ ನೀರ್ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಈಗಿನ ನೊರೆ ಕಂಡವರು ನಂಬಲಿಕ್ಕಿಲ್ಲ.) 1951ರಲ್ಲಿ ವಿ.ಎಂ. ಘಾಟಗೆ ಅವರ ತಂಡದ ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿತು.

ಇಲ್ಲೇ ತಯಾರಾದ ಮಾರುತ್ ಎಂಬ ಯುದ್ಧವಿಮಾನದ ಕತೆಯಂತೂ ಸೊಗಸು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. ಎಂಜಿನ್ನೇ ಇಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು, ಅಲ್ಲಿ ಬಿಟ್ಟು, ಹೇಗೆ ತೇಲುತ್ತದೆ, ಹೇಗೆ ತಿರುಗುತ್ತದೆ ಎಂದು ನೋಡಿದರು. ಹೀಗೆ 70ಕ್ಕೂ ಹೆಚ್ಚು ಸಲ. ಜೆಟ್ ಮಾರುತ್ ಹಾರಿದ್ದು 1961ರ ಜೂನ್ 17ರಂದು. ನಡುವೆ ಕಂಬವಿಲ್ಲದ, ಇಡೀ ವಿಮಾನವೇ ಹಿಡಿಸುವ ಹ್ಯಾಂಗರು ಇಲ್ಲದಿದ್ದರೆ ಇದೆಲ್ಲ ಎಲ್ಲಿ ನಡೆಯುತ್ತಿತ್ತು?

ಎಚ್‌ಎಎಲ್ ರಕ್ಷಣಾ ಇಲಾಖೆಯ ಜಾಗ. ಎಲ್ಲರನ್ನೂ ಸುಮ್ನೆ ಒಳಗೆ ಬಿಡಿ ಅನ್ನುವುದಿಲ್ಲ. ಆದರೆ ಆ ಕಾಲದ ಹ್ಯಾಂಗರು, ಶೆಡ್ಡುಗಳಲ್ಲಿ ಯಾವ್ಯಾವುದು ಉಳಿದಿದೆ ಎಂದು ಪಟ್ಟಿ ಮಾಡಲು ಯಾವ ಗುಟ್ಟೂ ಅಡ್ಡಬರುವುದಿಲ್ಲ. ಕೆಡವಲೇಬೇಕಾದರೆ ಮೊದಲು ಅಳತೆ, ನಕ್ಷೆ, ಫೋಟೊ ತೆಗೆಸಿ ಪಕ್ಕದಲ್ಲೇ ಇರುವ ಎಚ್‌ಎಎಲ್ ಮ್ಯೂಸಿಯಂನಲ್ಲಿ ಇಡಲಿ. ವಾಸ್ತುಶಿಲ್ಪ ಕಾಲೇಜಿನ ಹುಡುಗರಿಗೆ ಒಪ್ಪಿಸಿದರೆ ಖುಷಿಯಿಂದ ಮಾಡುತ್ತಾರೆ.

1975ರಲ್ಲಿ ಬಾಹ್ಯಾಕಾಶಕ್ಕೆ ಹೋದ ಆರ್ಯಭಟ ಉಪಗ್ರಹ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದನ್ನೂ ಇದೇ ಪಟ್ಟಿಗೆ ಸೇರಿಸಲಿ. ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಅದರ ಬಗ್ಗೆ ಕನ್ನಡದ ಒಂದು ದೊಡ್ಡ ಫಲಕ ಹಾಕುವುದಕ್ಕೆ ರಕ್ಷಣಾ ಇಲಾಖೆಯನ್ನು ಕೇಳಬೇಕಾಗಿಯೂ ಇಲ್ಲ.

– ಒಬ್ಬ ಓದುಗ, ವಿಮಾನಪುರ, ಬೆಂಗಳೂರು